ಇವತ್ತು ಯಾವ ಪ್ರಾಣಿ?

ಜೂನ್ ಹದಿನೈದು, ಭಾನುವಾರ, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಕೃಷ್ಣಮೂರ್ತಿಪುರಂನ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದ್ದೇನೆ. ಆಕಾಶ ಮುಸುಕು ಹಾಕಿಕೊಂಡಿದೆ. ಹಾಲು ಬಂದಿದೆ, ಪೇಪರ್ ಬಂದಿಲ್ಲ. ಒಳಗೆ ದೊಡ್ಡಪ್ಪ ಎದ್ದಿದ್ದಾರೆ; ಕುರ್ಚಿ ಎಳೆದ ಸದ್ದು ಕೇಳಿಸಿತು. ಮಾತು ಕೇಳಿಸಲಿಲ್ಲ.

ಕೇಳಿಸುವುದೂ ಇಲ್ಲ. ದೊಡ್ಡಮ್ಮ ತೀರಿಕೊಂಡು ಒಂದು ತಿಂಗಳಾಯಿತು. ಅಂದಿನಿಂದ ದೊಡ್ಡಪ್ಪ "ಹೂಂ", "ಬೇಡ", "ಸಾಕು" ಎಂಬ ಮೂರೇ ಪದಗಳಲ್ಲಿ ಬದುಕು ನಡೆಸುತ್ತಿದ್ದಾರೆ. ಅತ್ತೂ ಇಲ್ಲ. "ಒಂದ್ಸಲ ಅತ್ಬುಟ್ರೆ ಹಗುರಾಗ್ತಾರೆ ಕಣೇ" ಎಂದು ನಮ್ಮಮ್ಮ ರಾಜೀವನಗರದಿಂದ ದಿನಾ ಫೋನ್ ಮಾಡಿ ಹೇಳುತ್ತಾಳೆ. ಅವರು ಅಳಲಿ ಎಂಬ ಆಸೆ ನನಗಿಲ್ಲ. ನನಗೆ ಬೇಕಾಗಿರುವುದು ಒಂದು ಪ್ರಾಣಿ. ದೊಡ್ಡಪ್ಪನ ಬಾಯಿಂದ ಒಂದೇ ಒಂದು ಪ್ರಾಣಿ ಹೊರಗೆ ಬಂದರೆ ಸಾಕು, ನಾನು ನನ್ನ ಬಟ್ಟೆಬರೆ ಎತ್ತಿಕೊಂಡು ನಿಶ್ಚಿಂತೆಯಿಂದ ಮನೆಗೆ ಹೋಗುತ್ತೇನೆ.

ಅರ್ಥವಾಗಲಿಲ್ಲ ಅಲ್ಲವೇ? ಮೊದಲಿನಿಂದ ಹೇಳುತ್ತೇನೆ.

ನಮ್ಮ ದೊಡ್ಡಪ್ಪನಂಥವರನ್ನು ಸಾವಿನ ಮನೆಗೆ ಕರೆದುಕೊಂಡು ಹೋಗಲೇಬಾರದು! ಇದು ನನ್ನ ಅಭಿಪ್ರಾಯವಲ್ಲ, ನಮ್ಮ ಬಂಧುಬಳಗದ ಒಮ್ಮತದ ತೀರ್ಮಾನ. ಆದರೂ ಅವರನ್ನು ಅತಿ ಹೆಚ್ಚು ಸಾವಿನ ಮನೆಗಳಿಗೆ ಕರೆದುಕೊಂಡು ಹೋದ ದಾಖಲೆ ನನ್ನ ಹೆಸರಿನಲ್ಲೇ ಇದೆ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವ ಚಟ ಆಫೀಸಿನಿಂದ ಮನೆಗೂ ಬಂದಿದೆ. ನನ್ನ ಡೈರಿಯ ಪ್ರಕಾರ ಕಳೆದ ವರ್ಷ ನಾನು ದೊಡ್ಡಪ್ಪನ ಜೊತೆ ಹೋದ ಮದುವೆಗಳು ನಾಲ್ಕು, ಸಾವಿನ ಮನೆಗಳು ಇಪ್ಪತ್ತೆರಡು. ಅವರ ವಯಸ್ಸಿಗೆ ಬರುವ ಕರೆಗಳೇ ಅಂಥವು.

ಅವರು ಮೂವತ್ತು ಚಿಲ್ಲರೆ ವರ್ಷ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಸರ್ಕಾರದ ಲೆಕ್ಕಕ್ಕೆ ಮಾತ್ರ. ಪಾಠ ನಿಲ್ಲಲಿಲ್ಲ, ಕ್ಲಾಸ್ ರೂಮು ಬದಲಾಯಿತು, ಅಷ್ಟೇ. ತರಕಾರಿ ಅಂಗಡಿ, ಬ್ಯಾಂಕಿನ ಸಾಲು, ಹಲ್ಲಿನ ಡಾಕ್ಟರ ಕುರ್ಚಿ, ಎಲ್ಲ ಕಡೆಯೂ ಪಾಠ. ಬಾಯೊಳಗೆ ಡ್ರಿಲ್ ಇದ್ದರೂ ಬಸವನಹುಳುವಿಗೆ ಸಾವಿರಗಟ್ಟಲೆ ಹಲ್ಲಿವೆ ಎನ್ನುವುದನ್ನು ಡಾಕ್ಟರಿಗೆ ತಿಳಿಸಿಯೇ ಎದ್ದವರು! ಅವರಿಗೆ ಬಿಪಿಯ ಭಯವಿಲ್ಲ, ಶುಗರಿನ ಭಯವಿಲ್ಲ. ಇದ್ದದ್ದು ಒಂದೇ ಭಯ: ಜೀವಶಾಸ್ತ್ರ ಯಾರಿಗಾದರೂ ಬೇಸರ ತರಿಸೀತು ಎಂಬುದು. "ಬೇಸರ ಆಯ್ತು ಅಂದ್ರೆ ತಪ್ಪು ವಿಷಯದ್ದಲ್ಲ, ಹೇಳಿದವನದು" ಎನ್ನುತ್ತಿದ್ದರು.

ಹಿಂದೆ ಅವರದೇ ಒಂದು ಸ್ಕೂಟರ್ ಇತ್ತು. ಒಂದು ದಿನ ನಜರ್‌ಬಾದಿನ ರಸ್ತೆಯ ನಡುವೆ ಅದನ್ನು ಗಕ್ಕನೆ ನಿಲ್ಲಿಸಿಬಿಟ್ಟರು. ಒಂದು ಊಸರವಳ್ಳಿ ರಸ್ತೆ ದಾಟುತ್ತಿತ್ತಂತೆ. ಹಿಂದೆ ಬರುತ್ತಿದ್ದ ಸಿಟಿ ಬಸ್ಸು ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು, "ಕಣ್ ಕಾಣಲ್ವೇನ್ರೀ?" ಎಂದು ಕೂಗಾಡಿದ.

"ಊಸರವಳ್ಳಿದು ಎರಡೂ ಕಣ್ಣು ಬೇರೆ ಬೇರೆ ಕಡೆ ತಿರುಗುತ್ತಪ್ಪ" ಎಂದರು ದೊಡ್ಡಪ್ಪ ಶಾಂತವಾಗಿ. "ಅದು ಒಂದು ಕಣ್ಣಲ್ಲಿ ನನ್ನ ನೋಡ್ತಿತ್ತು, ಇನ್ನೊಂದು ಕಣ್ಣಲ್ಲಿ ನಿನ್ನ ಬಸ್ಸು ನೋಡ್ತಿತ್ತು. ನಂದು ಎರಡೂ ಕಣ್ಣು ಅದರ ಮೇಲಿತ್ತು. ನಮ್ ಮೂವರಲ್ಲಿ ಬುದ್ಧಿವಂತರು ಯಾರು ಹೇಳು?"

ಆ ವಾರವೇ ದೊಡ್ಡಮ್ಮ ಸ್ಕೂಟರ್ ಮಾರಿಸಿದರು. ಅವರಿಗೆ ಮಕ್ಕಳಿಲ್ಲ. ಆ ಜಾಗದಲ್ಲಿ ನಾನಿದ್ದೆ, ನನ್ನ ಬಳಿ ಗಾಡಿಯೂ ಇತ್ತು. ಹೀಗೆ ನಾನು ಸಾರಥಿಯಾದೆ.

ಸಾವಿನ ಮನೆಗೆ ಮಾತಾಡಿಸಿಕೊಂಡು ಬರಲು ಹೋಗುವುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಹೆಸರಿಗೆ ಮಾತಾಡಿಸುವುದು, ಅಲ್ಲಿ ಮಾತೇ ಇರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು, ನೆಲ ನೋಡಬೇಕು, "ಏನಾಗಿತ್ತು?" ಎಂದು ಒಮ್ಮೆ ಕೇಳಬೇಕು. ಹೊರಡುವಾಗ "ಹೋಗಿ ಬರ್ತೀವಿ" ಎನ್ನುವಂತಿಲ್ಲ. ಅಂಥ ಮನೆಗೆ ಮತ್ತೆ ಬರುವ ಮಾತನ್ನು ಯಾರೂ ಆಡುವುದಿಲ್ಲ. ಏನೂ ಹೇಳದೆ ಎದ್ದು, ಹಿಂತಿರುಗಿ ನೋಡದೆ, ಚಪ್ಪಲಿ ಮೆಟ್ಟಿಕೊಂಡು ನಡೆಯಬೇಕು.

ದೊಡ್ಡಪ್ಪನಿಂದ ಆಗದಿದ್ದದ್ದು ಇದೊಂದೇ. ಎಷ್ಟು ಹೊತ್ತು ಬೇಕಾದರೂ ಗಂಭೀರವಾಗಿ ಕೂರುತ್ತಿದ್ದರು. ಆದರೆ ಹೊಸ್ತಿಲ ಬಳಿ ಬಂದು ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿದೊಡನೆ ಅವರ ಬೆನ್ನಿಗೆ ಏನೋ ಆಗುತ್ತಿತ್ತು. ತಿರುಗಿಬಿಡುತ್ತಿದ್ದರು. "ಬರ್ತೀನಿ" ಎನ್ನುವಂತಿಲ್ಲ, ಸುಮ್ಮನೆ ಹೋಗಲು ಮನಸ್ಸಿಲ್ಲ. ಆ ತೆರಪಿನಲ್ಲಿ ಒಂದು ಪ್ರಾಣಿ ನುಗ್ಗುತ್ತಿತ್ತು!

ಕಳೆದ ವರ್ಷದ ಫೆಬ್ರವರಿಯಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಗಣಿತದ ಮೇಷ್ಟ್ರೊಬ್ಬರು ಹೃದಯಾಘಾತದಿಂದ ಹೋದರು. ನಾವು ಹೋಗಿ ಮುಕ್ಕಾಲು ಗಂಟೆ ಕೂತೆವು. ದೊಡ್ಡಪ್ಪ ತುಟಿ ಪಿಟಕ್ ಎನ್ನಲಿಲ್ಲ. ಈ ಸಲ ಪಾರಾದೆವು ಎಂದುಕೊಂಡು ನಾನು ಗಾಡಿಯ ಕೀ ತೆಗೆಯುತ್ತಿದ್ದೆ. ಹಿಂದಿನಿಂದ ಕೇಳಿಸಿತು.

"ಆಕ್ಟೋಪಸ್‌ಗೆ ಮೂರು ಹೃದಯ ಕಣ್ರಮ್ಮ."

ಮೇಷ್ಟ್ರ ಹೆಂಡತಿ ತಲೆಯೆತ್ತಿದರು.

"ಎರಡು ಕಿವಿರುಗಳಿಗೆ ರಕ್ತ ತಳ್ಳುತ್ವೆ, ಒಂದು ಉಳಿದ ಮೈಗೆ. ಆದ್ರೆ ಅದು ಈಜೋಕೆ ಶುರು ಮಾಡ್ತು ಅಂದ್ರೆ, ಮೈಗೆ ರಕ್ತ ಕಳಿಸೋ ಹೃದಯ ನಿಂತ್ಬುಡುತ್ತೆ. ಅದಕ್ಕೇ ಅದು ಈಜೋದಕ್ಕಿಂತ ತೆವಳೋದೇ ಜಾಸ್ತಿ. ಮೂರಿದ್ರೂ ಕಷ್ಟಾನೇ ನೋಡಿ."

ಆ ತಾಯಿ, "ಇವ್ರು ಈಜೋದಿರ್ಲಿ, ವಾಕಿಂಗ್‌ಗೂ ಹೋಗ್ತಿರ್ಲಿಲ್ಲ ಮೇಷ್ಟ್ರೇ. ಸೋಫಾದಿಂದ ಊಟಕ್ಕೆ ತೆವಳ್ತಿದ್ರು, ಅಷ್ಟೇ" ಎಂದರು. ಮೂಲೆಯಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು.

ಅದಾದ ಮೇಲೆ ಇನ್ನೊಂದು ಮನೆ. ದೇಹ ಇನ್ನೂ ಹಜಾರದಲ್ಲೇ ಇತ್ತು. ಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜ ಸತ್ತವರ ಕೆನ್ನೆ ತೋರಿಸಿ, "ನೋಡಿ, ಉಸ್ರು ನಿಂತ್ ಮ್ಯಾಕೂ ಗಡ್ಡ ಬೆಳೀತಾ ಅದೆ. ಇವ್ನಿಗೆ ಓಗಾಕೆ ಮನ್ಸಿಲ್ಲ" ಎಂದು ನಿಟ್ಟುಸಿರಿಟ್ಟರು. ಕೂತವರೆಲ್ಲ ಕಣ್ಣೊರೆಸಿಕೊಂಡರು. ದೊಡ್ಡಪ್ಪ ಅಂದು ಹೊಸ್ತಿಲವರೆಗೂ ಕಾಯಲಿಲ್ಲ.

"ಗಡ್ಡ ಬೆಳೆಯಲ್ಲ ಯಜಮಾನ್ರೇ. ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತೆ. ಒಳಗಿದ್ದ ಕೂದಲು ಹೊರಗೆ ಕಾಣುತ್ತೆ. ಉಗುರೂ ಹಂಗೇ."

ಅಜ್ಜ ತಮ್ಮ ಕೆನ್ನೆಯನ್ನೇ ಮೆಲ್ಲಗೆ ಸವರಿಕೊಂಡು, "ಅಂಗಾರೆ ನಂದು ಬೆಳೀತಾ ಅದೋ, ಒಣಗ್ತಾ ಅದೋ, ಎಂಗ್ ಗೊತ್ತಾಗದು ಬುದ್ಧೀ?" ಎಂದು ಕೇಳಿದರು. ಅವರನ್ನು ಸಮಾಧಾನಪಡಿಸುವಷ್ಟರಲ್ಲಿ ಹೆಣ ಎತ್ತುವ ಹೊತ್ತಾಗಿತ್ತು.

ಇನ್ನೊಂದು ಮನೆಯಲ್ಲಿ ದೊಡ್ಡಪ್ಪನ ಕೆಮ್ಮು ನೋಡಲಾರದೆ, ಪಾಪ, ಆ ಮನೆಯವರು ದುಃಖದ ನಡುವೆಯೂ ಬಿಸಿನೀರಿಗೆ ಜೇನುತುಪ್ಪ ಹಾಕಿಕೊಟ್ಟರು. ದೊಡ್ಡಪ್ಪ ಕುಡಿದು ಲೋಟ ಕೆಳಗಿಟ್ಟು, "ಒಂದು ಜೇನುಹುಳ ಹೊಟ್ಟೆಯಿಂದ ಕಕ್ಕಿದ್ದನ್ನ ಇನ್ನೊಂದು ಬಾಯಲ್ಲಿ ಇಸ್ಕೊಳ್ಳುತ್ತೆ, ಅದು ಇನ್ನೊಂದಕ್ಕೆ ಕೊಡುತ್ತೆ. ಹಿಂಗೇ ಬಾಯಿಂದ ಬಾಯಿಗೆ ಹೋಗಿ ಜೇನಾಗೋದು. ಸಮಾಜ ಅಂದ್ರೆ ಅದು!" ಎಂದರು. ಅವರ ಪಾಲಿಗೆ ಅದು ಕೃತಜ್ಞತೆಯ ಮಾತು. ಪಕ್ಕದಲ್ಲಿ ಅದೇ ಜೇನುನೀರು ಕುಡಿಯುತ್ತಿದ್ದವರು ಲೋಟ ಹಿಡಿದು ಹಿತ್ತಲಿಗೆ ಓಡಿದರು.

ಇಷ್ಟೆಲ್ಲ ಆದಮೇಲೆ ನೀವಾದರೂ ಕೇಳದೆ ಬಿಡುತ್ತಿದ್ದಿರಾ? ನಾನೂ ಕೇಳಿದೆ. ಗಾಡಿ ಓಡಿಸುತ್ತಲೇ ಕೇಳಿದೆ.

"ದೊಡ್ಡಪ್ಪ, ಬಾಗಿಲಲ್ಲಿ ಸುಮ್ನೆ ಬರೋಕಾಗಲ್ವಾ ನಿಮಗೆ?"

"ಆಗಲ್ಲ ಕಣಮ್ಮ. ಕೂತಿರುವಾಗ ನಾಲ್ಕು ಜನ ಇರ್ತಾರೆ. ನಾವು ಎದ್ದು ಹೋಗೋ ಹೊತ್ತಲ್ಲಿ ಅವ್ರು ಬಾಗಿಲ ತನಕ ಬಂದು ನಿಂತ್ಕೋತಾರಲ್ಲ, ಆಗ ಒಬ್ಬರೇ. ಅವ್ರ ಕೈಲಿ ಏನೂ ಕೊಡ್ದೇ ಹೆಂಗ್ ಬರೋದು?"

"ಅದಕ್ಕೆ ಆಕ್ಟೋಪಸ್ ಕೊಡ್ತೀರಾ?"

"ನನ್ನ ಹತ್ರ ಇರೋದು ಅದೇ ಅಲ್ವಾ?"

ಒಂದೇ ಒಂದು ಸಲ ಅವರು ಕೊಟ್ಟದ್ದು ಸರಿಯಾದ ಕೈಗೆ ಹೋಯಿತು. ನಜರ್‌ಬಾದಿನಲ್ಲಿ ಒಬ್ಬ ಹುಡುಗಿಯ ಅಜ್ಜಿ ತೀರಿಕೊಂಡಿದ್ದರು. ಅಜ್ಜಿಯೇ ಸಾಕಿದ ಮಗು; ದೊಡ್ಡಪ್ಪನ ಕಡೆಯ ಬ್ಯಾಚಿನ ವಿದ್ಯಾರ್ಥಿನಿ. ಎರಡು ದಿನದಿಂದ ಕಲ್ಲಿನ ಹಾಗೆ ಕೂತಿದ್ದಾಳೆ, ನೀರೂ ಕುಡಿದಿಲ್ಲ ಎಂದರು. ನಾವು ಹೊರಟಾಗ ಬಾಗಿಲಿಗೆ ಬಂದು ನಿಂತಳು. ದೊಡ್ಡಪ್ಪ ತಿರುಗಿದರು. ನಾನು ಕಣ್ಣು ಮುಚ್ಚಿಕೊಂಡೆ.

"ನಿಮ್ಮಮ್ಮ ನಿಮ್ಮಜ್ಜಿ ಹೊಟ್ಟೇಲಿ ಇದ್ದಾಗಲೇ, ಆ ಪುಟ್ಟ ಮಗುವಿನ ಒಳಗೆ ಅಂಡಗಳೆಲ್ಲ ಆಗಿದ್ವು ಕಣಮ್ಮ. ಹೆಣ್ಣುಮಗು ಹುಟ್ಟೋವಾಗಲೇ ಅವನ್ನ ತುಂಬ್ಕೊಂಡು ಹುಟ್ಟುತ್ತೆ. ಅದರಲ್ಲಿ ಒಂದು ಆಮೇಲೆ ನೀನಾದೆ. ಅಂದ್ರೆ ನಿನ್ನ ಅರ್ಧ ಭಾಗ ನಿಮ್ಮಜ್ಜಿ ಗರ್ಭದಲ್ಲೂ ಇತ್ತು. ನಿಮ್ಮಜ್ಜಿ ನಿನ್ನನ್ನ ಎತ್ಕೊಳ್ಳೋಕೆ ಶುರು ಮಾಡಿದ್ದು ನೀನು ಹುಟ್ಟಿದ ಮೇಲಲ್ಲ."

ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಅತ್ತಳು. ಮನೆಯವರೆಲ್ಲ ಓಡಿ ಬಂದು, "ಏನ್ರೀ ಇದು, ಹುಡುಗೀನ ಅಳಿಸ್ಬುಟ್ರಲ್ಲಾ!" ಎಂದು ದೊಡ್ಡಪ್ಪನನ್ನೇ ಬೈದರು. ಅವರು ಎರಡನೇ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಗಾಡಿ ಹತ್ತಿದರು. ಹಿಂದಿನಿಂದ ಮೊಬೈಲಿನಲ್ಲಿ ಯಾರೋ, "ನೀರು ಕುಡಿದ್ಲು, ಕುಡಿದ್ಲು" ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.

ಈಗ ದೊಡ್ಡಮ್ಮನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬೇಕೆಂದೇ ಮುಂದೆ ಹಾಕುತ್ತಾ ಬಂದೆ.

ಸಾವಿನ ಮನೆಯಿಂದ ನಾವು ವಾಪಸ್ಸಾಗುವ ಹೊತ್ತಿಗೆ ದೊಡ್ಡಮ್ಮ ಗೇಟಿನ ಒಳಗೆ ಒಂದು ಬಕೆಟ್ ನೀರಿಟ್ಟುಕೊಂಡು ನಿಂತಿರುತ್ತಿದ್ದರು. ಕಾಲು ತೊಳೆಯದೆ ಒಳಗೆ ಬಿಡುವವರಲ್ಲ. ಯಾರು ಸತ್ತರು, ಹೇಗೆ ಸತ್ತರು, ಎಷ್ಟು ಜನ ಬಂದಿದ್ದರು, ಒಂದನ್ನೂ ಕೇಳುತ್ತಿರಲಿಲ್ಲ. ಚೊಂಬಿನಿಂದ ನಮ್ಮ ಕಾಲಿಗೆ ನೀರು ಹುಯ್ಯುತ್ತಾ ಒಂದೇ ಪ್ರಶ್ನೆ:

"ಇವತ್ತು ಯಾವ ಪ್ರಾಣಿ?"

ದೊಡ್ಡಪ್ಪ ಹೇಳಲು ಶುರು ಮಾಡುತ್ತಿದ್ದರು. ದೊಡ್ಡಮ್ಮ ಶ್ರದ್ಧೆಯಿಂದ ಕೇಳುತ್ತಿದ್ದರು. ಎರಡು ನಿಮಿಷವಾಗುವಷ್ಟರಲ್ಲಿ ಅವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಆಕಳಿಕೆ! ಅದೂ ಎಂಥ ಆಕಳಿಕೆ! ಕಣ್ಣು ಮುಚ್ಚಿ, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಎದುರು ಮನೆಯ ನಾಯಿ ಎದ್ದು ನೋಡುವಷ್ಟು ಸದ್ದು ಮಾಡಿ, ಕೊನೆಯಲ್ಲಿ ಬಾಯಿಯ ಮುಂದೆ ಟಕ್ ಟಕ್ ಟಕ್ ಎಂದು ಮೂರು ಚಿಟಿಕೆ. ಆಕಳಿಸಿದಾಗ ಚಿಟಿಕೆ ಹಾಕದಿದ್ದರೆ ಆಯುಸ್ಸು ಸೋರಿಹೋಗುತ್ತದೆ ಎಂದು ಅವರ ಅಜ್ಜಿ ಹೇಳಿಕೊಟ್ಟಿದ್ದರಂತೆ.

"ಚಿಟಿಕೆಗೂ ಆಯುಸ್ಸಿಗೂ ಏನೇ ಸಂಬಂಧ?" ಎಂದು ದೊಡ್ಡಪ್ಪ ರೇಗುತ್ತಿದ್ದರು.

"ನಿಮ್ಮ ಪಾಠಕ್ಕೂ ನನ್ನ ನಿದ್ದೆಗೂ ಏನ್ರೀ ಸಂಬಂಧ? ಅದು ಹೇಳಿ ಮೊದ್ಲು."

ನಾನು ಡೈರಿಯಲ್ಲಿ ಅಂಕ ಹಾಕುತ್ತಿದ್ದೆ. ಆಕ್ಟೋಪಸ್: ಎರಡು ಆಕಳಿಕೆ. ಗಡ್ಡ: ಒಂದು. ಜೇನು: ಮೂರು. ಅಜ್ಜಿಯ ಗರ್ಭದ ಮೊಮ್ಮಗಳಿಗೆ ಒಂದೂ ಇಲ್ಲ. ಆ ದಿನ ದೊಡ್ಡಮ್ಮ ಚೊಂಬು ಹಿಡಿದುಕೊಂಡೇ ಸುಮ್ಮನೆ ನಿಂತಿದ್ದರು, ಆಮೇಲೆ "ಒಳಗ್ ಬನ್ನಿ, ಕಾಫಿ ಕೊಡ್ತೀನಿ" ಎಂದರು.

ದೊಡ್ಡಪ್ಪನಿಗೆ ಆ ಆಕಳಿಕೆ ಅವಮಾನ. ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ ಅದು ಅವರಿಗೂ ಅಂಟುತ್ತಿತ್ತು! ಬೈಯಲು ತೆರೆದ ಬಾಯಿ ಹಾಗೇ ಅಗಲವಾಗಿ, ಅವರೂ ಆಕಳಿಸಿಬಿಡುತ್ತಿದ್ದರು. ತಮ್ಮ ಪಾಠಕ್ಕೆ ತಾವೇ ಆಕಳಿಸುವ ಮೇಷ್ಟ್ರನ್ನು ನೀವೆಲ್ಲಾದರೂ ಕಂಡಿದ್ದೀರಾ?

ದೊಡ್ಡಮ್ಮ ಬಿಡುತ್ತಿರಲಿಲ್ಲ. "ಲೋಕದ ಪ್ರಾಣಿಗಳದ್ದೆಲ್ಲ ಹೇಳ್ತೀರಲ್ಲ, ಆಕಳಿಕೆ ಯಾಕ್ ಬರುತ್ತೆ ಹೇಳಿ ನೋಡೋಣ?"

"ಹಾವು ಬಾಯಿ ತೆರೆಯುತ್ತೆ, ಹಕ್ಕಿ ಆಕಳಿಸುತ್ತೆ, ಹೊಟ್ಟೆಯೊಳಗಿರೋ ಮಗೂನೂ ಆಕಳಿಸುತ್ತೆ ಕಣೇ..."

"ಯಾಕೆ?"

"ಗಾಳಿ ಸಾಲದೆ ಬರುತ್ತೆ ಅಂತಿದ್ರು, ಅದಲ್ಲ ಅಂತಾಯ್ತು. ಮೆದುಳು ತಣ್ಣಗೆ ಮಾಡೋಕೆ ಅಂತಾರೆ ಕೆಲವರು..."

"ಯಾಕ್ರೀ?"

"ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ ಕಣೇ!"

"ಅಷ್ಟೇನಾ? ನನ್ ಬಾಯೊಳಗೆ ಇರೋದೇ ಗೊತ್ತಿಲ್ಲ, ಸಮುದ್ರದೊಳಗೆ ಇರೋದು ಹೇಳೋಕ್ ಬಂದ್ಬುಟ್ರು" ಎಂದು ದೊಡ್ಡಮ್ಮ ಗೆದ್ದು ಅಡುಗೆಮನೆಗೆ ಹೋಗುತ್ತಿದ್ದರು. ಈ ಆಟ ಮದುವೆಯಾದ ವರ್ಷದಿಂದಲೂ ನಡೆಯುತ್ತಿತ್ತಂತೆ.

ಈ ಬೇಸಿಗೆಯಲ್ಲೇ ಒಂದು ಸಂಜೆ ಜೆಲ್ಲಿಮೀನಿನ ಕಥೆ ಬಂತು. ಒಂದು ಜಾತಿಯ ಜೆಲ್ಲಿಮೀನು ಏಟು ಬಿದ್ದರೆ, ಹಸಿವಾದರೆ, ಸಾಯುವ ಬದಲು ತನ್ನ ಎಳೆಯ ರೂಪಕ್ಕೇ ವಾಪಸ್ಸಾಗಿ, ಮತ್ತೆ ಮೊದಲಿನಿಂದ ಬೆಳೆಯುತ್ತದೆ ಎಂದರು ದೊಡ್ಡಪ್ಪ.

"ಅಂದ್ರೆ ಮತ್ತೆ ಚಿಕ್ಕ ಹುಡುಗಿ ಆಗ್ಬುಡುತ್ತಾ?"

"ಹೂಂ ಕಣೇ! ಬೇರೆ ಮೀನು ತಿಂದು ಹಾಕಿಲ್ಲ ಅಂದ್ರೆ ಹಿಂಗೇ ಎಷ್ಟು ಸಲ ಬೇಕಾದ್ರೂ."

"ಮತ್ತೆ ಎಸ್ಸೆಸ್ಸೆಲ್ಸಿ ಬರ್ದು, ಮತ್ತೆ ನಿಮ್ಮನ್ನೇ ಮದ್ವೆ ಆಗಿ, ಮತ್ತೆ ಇದೇ ಪಾಠ ಕೇಳ್ಬೇಕಾ? ಅಯ್ಯಪ್ಪಾ!" ಆಕಳಿಕೆ. ಚಿಟಿಕೆ, ಮೂರು. ದೊಡ್ಡಪ್ಪನೂ ಆಕಳಿಸಿದರು. ನಾನೂ.

ಮೇ ಹದಿನೈದು, ಗುರುವಾರ. ನಾನು ಆಫೀಸಿನಲ್ಲಿದ್ದೆ. ಮಧ್ಯಾಹ್ನ ಊಟ ಮಾಡಿ ಒರಗಿದ ದೊಡ್ಡಮ್ಮ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ನಮ್ಮಲ್ಲಿ ಇರುವುದು ಒಂದೇ.

ಹನ್ನೊಂದನೇ ದಿನದ ತಿಥಿ ಮುಗಿಯಿತು. ಇದೇ ಜಗಲಿಯ ತುಂಬ ಚಪ್ಪಲಿಗಳಿದ್ದವು. ಇಪ್ಪತ್ತೆರಡು ಮನೆಗಳಲ್ಲಿ ಪ್ರಾಣಿಗಳನ್ನು ಬಿಟ್ಟು ಬಂದಿದ್ದ ದೊಡ್ಡಪ್ಪ ಈಗ ತಮ್ಮ ಮನೆಯ ಕುರ್ಚಿಯಲ್ಲಿ ಕೂತಿದ್ದರು. ಬಂದವರು ನೆಲ ನೋಡಿದರು, ಏನಾಗಿತ್ತು ಎಂದು ಒಮ್ಮೆ ಕೇಳಿದರು, ಏನೂ ಹೇಳದೆ ಎದ್ದು ಹೋದರು. ಪದ್ಧತಿ ಹಾಗೆ, ಯಾರ ತಪ್ಪೂ ಇಲ್ಲ.

ಇಲ್ಲಿಗೆ ಬರೆಯುವುದನ್ನು ನಿಲ್ಲಿಸಬೇಕಾಯಿತು. ಗೇಟಿನ ಸದ್ದಾಯಿತು, ಯಾರೋ ಬಂದರು. ಈಗ ಹನ್ನೊಂದೂವರೆ ಗಂಟೆ. ಮತ್ತೆ ಬರೆಯುತ್ತಿದ್ದೇನೆ, ಆತುರದಲ್ಲಿ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಬಂದವರು ಆ ಗಣಿತದ ಮೇಷ್ಟ್ರ ಹೆಂಡತಿ. ಊರಿನಲ್ಲಿ ಇರಲಿಲ್ಲವಂತೆ, ತಡವಾಗಿ ತಿಳಿಯಿತಂತೆ. ಅರ್ಧ ಗಂಟೆ ಕೂತರು. ದೊಡ್ಡಪ್ಪ "ಹೂಂ" ಎಂದರು, ಒಂದೇ ಸಲ. ಹೊರಡುವಾಗ ಆಕೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ತಿರುಗಿದರು. ಅವರ ಬಾಯಿ ಏನೋ ಹುಡುಕಿತು, ಸಿಗಲಿಲ್ಲ. ತಲೆ ತಗ್ಗಿಸಿ ಹೋದರು. ದೊಡ್ಡಪ್ಪ ಬಾಗಿಲ ಬಳಿಯೇ ನಿಂತಿದ್ದರು. ಗೇಟು ಮುಚ್ಚಿತು. ಆಟೋ ಹೋಯಿತು. ಅವರು ಇನ್ನೂ ನಿಂತೇ ಇದ್ದರು.

ಒಂದು ತಿಂಗಳಿಂದ ಇದನ್ನು ನೋಡುತ್ತಿದ್ದೇನೆ. ಬಂದವರು ಹೋದಮೇಲೂ ದೊಡ್ಡಪ್ಪ ಬಾಗಿಲಲ್ಲಿ ನಿಂತಿರುತ್ತಾರೆ. ಕಾಲುನೋವೇನೋ, ಗಾಳಿ ಬೇಕೇನೋ ಎಂದುಕೊಂಡಿದ್ದೆ. ಇವತ್ತು ತಿಳಿಯಿತು. ಅವರು ಕಾಯುತ್ತಿದ್ದಾರೆ. ಬಾಗಿಲಲ್ಲಿ ಒಬ್ಬರೇ ಆಗುವ ಹೊತ್ತಿಗೆ ಯಾರಾದರೂ ಕೈಗೆ ಏನಾದರೂ ಕೊಟ್ಟು ಹೋಗಲಿ ಎಂದು.

ನಾನು ಎದ್ದೆ. ಎಲ್ಲೋ ಹೊರಟವಳ ಹಾಗೆ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿದೆ. ಅವರ ಹಾಗೆಯೇ ತಿರುಗಿದೆ. ಏನು ಹೇಳಲಿ? ಬಸವನಹುಳುವಿನ ಹಲ್ಲು? ಅದು ಅವರದೇ. ನನಗೆ ಗೊತ್ತಿರುವುದೆಲ್ಲ ಅವರದೇ. ಆದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಬಂದದ್ದು ಆಕಳಿಕೆ.

ಬೆಳಗ್ಗೆ ಬೇಗ ಎದ್ದದ್ದಕ್ಕೋ, ಈ ತಿಂಗಳೆಲ್ಲ ಸರಿಯಾಗಿ ನಿದ್ದೆ ಇಲ್ಲದ್ದಕ್ಕೋ, ಅಥವಾ ಇಷ್ಟು ಹೊತ್ತೂ ಆಕಳಿಕೆಯ ಬಗ್ಗೆಯೇ ಬರೆದದ್ದಕ್ಕೋ, ನಾನರಿಯೆ. ತಡೆಯಲು ನೋಡಿದೆ, ಆಗಲಿಲ್ಲ. ಕುತ್ತಿಗೆ ಹಿಂದಕ್ಕೆ ಹೋಯಿತು, ಸದ್ದೂ ಬಂತು. ಸಾವಿನ ಮನೆಯ ಬಾಗಿಲಲ್ಲಿ ನಿಂತು, ದುಃಖದಲ್ಲಿರುವ ಮನುಷ್ಯನ ಮುಖಕ್ಕೇ! ನಾಚಿಕೆಯಿಂದ ಭೂಮಿಗಿಳಿದು ಹೋದೆ.

ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಅವರ ಗದ್ದ ಒಮ್ಮೆ ಅದುರಿತು. ತುಟಿ ಬಿರಿಯಿತು. ಆಮೇಲೆ ನಿಧಾನವಾಗಿ, ತಡೆಯಲಾಗದೆ, ಅವರೂ ಆಕಳಿಸಿದರು. ಅವರ ಬಲಗೈ ತಾನಾಗಿ ಮೇಲಕ್ಕೆ ಬಂತು. ಬಾಯಿಯ ಮುಂದೆ ಟಕ್, ಟಕ್, ಟಕ್.

ಚಿಟಿಕೆ ಹಾಕಿದ ಮೇಲೆ ಆ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿಕೊಂಡರು.

ನನ್ನ ಬಾಯಿಂದ ಆ ಪ್ರಶ್ನೆ ಯಾಕೆ ಬಂತೋ. "ದೊಡ್ಡಪ್ಪ, ಇವತ್ತು ಯಾವ ಪ್ರಾಣಿ?"

ಅವರು ಹೊಸ್ತಿಲ ಮೇಲೆಯೇ ಕೂತರು. "ಮನುಷ್ಯ ಕಣಮ್ಮ" ಎಂದರು.

ನಾನು ಪಕ್ಕದಲ್ಲಿ ಕೂತೆ.

"ಅವತ್ತು ಅವಳು ತುಂಬ ಆಕಳಿಸಿದ್ಲು. ಊಟ ಮಾಡ್ತಾ ತಿಮಿಂಗಿಲದ ವಿಷಯ ಹೇಳ್ತಿದ್ದೆ. ಒಂದಾದ ಮೇಲೊಂದು, ಒಂದಾದ ಮೇಲೊಂದು. ನನ್ನ ರೇಗಿಸ್ತಾ ಅವ್ಳೆ ಅಂದ್ಕೊಂಡೆ. ಸಿಟ್ಟು ಬಂತು. ನಿನಗೆ ಹೇಳೋದಕ್ಕಿಂತ ಗೋಡೆಗೆ ಹೇಳೋದು ವಾಸಿ ಅಂದ್ಬುಟ್ಟು, ಎದ್ದು ಬಂದು ಇಲ್ಲೇ ಜಗಲೀಲಿ ಕೂತ್ಕೊಂಡೆ." ಚಿಟಿಕೆ ಹಾಕಿದ ಕೈಯನ್ನು ಮತ್ತೊಮ್ಮೆ ನೋಡಿಕೊಂಡರು. "ಹೃದಯಕ್ಕೆ ತೊಂದ್ರೆ ಆಗೋ ಮುಂಚೆ ಕೆಲವರಿಗೆ ಆಕಳಿಕೆ ಜಾಸ್ತಿ ಬರುತ್ತೆ ಅಂತ ನಾನು ಓದಿದ್ದೆ ಕಣಮ್ಮ. ಎಲ್ರಿಗೂ ಅಲ್ಲ. ಕೆಲವರಿಗೆ. ಓದಿದ್ದೆ ನಾನು."

ಡಾಕ್ಟರನ್ನು ಕೇಳಿದರಂತೆ. ಹೇಳಲಾಗುವುದಿಲ್ಲ ಎಂದರಂತೆ.

"ನೀನು ಅಂಕ ಹಾಕ್ತಿದ್ದೆಯಲ್ಲ. ಅವಳದ್ದು ದಿನಕ್ಕೆ ಎರಡು, ಮೂರು. ಅದಕ್ಕಿಂತ ಜಾಸ್ತಿ ಇಲ್ಲ, ಅಲ್ವಾ?"

"ಅಷ್ಟೇ ದೊಡ್ಡಪ್ಪ."

"ಅವತ್ತು ಎಷ್ಟಾಯ್ತೋ. ನೀನು ಇರಲಿಲ್ಲ. ಎಣಿಸೋರು ಯಾರೂ ಇರಲಿಲ್ಲ." ಅವರ ಕಣ್ಣಿಂದ ನೀರು ಇಳಿದು ಮೀಸೆಗೆ ಸೇರಿತು. ಪಂಚೆಯ ತುದಿಯಿಂದ ಒರೆಸಿಕೊಂಡರು. ಮತ್ತೆ ಇಳಿಯಿತು. ನಾನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

"ಆಕಳಿಸಿದಾಗ ಮುಖದ ಸ್ನಾಯು ಬಿಗಿದು, ಕಣ್ಣೀರಿನ ಗ್ರಂಥಿ ಮೇಲೆ ಒತ್ತಡ ಬೀಳುತ್ತೆ" ಎಂದರು ಮೇಷ್ಟ್ರ ದನಿಯಲ್ಲಿ. "ಅದಕ್ಕೇ ನೀರು ಬರೋದು. ಅಷ್ಟೇ. ಅಳು ಅಲ್ಲ ಇದು."

"ಗೊತ್ತು ದೊಡ್ಡಪ್ಪ. ನನಗೂ ಆಕಳಿಕೆದೇ" ಎಂದೆ.

ಒಂದು ಆಕಳಿಕೆಗೆ ಇಷ್ಟು ಹೊತ್ತು ಕಣ್ಣಲ್ಲಿ ನೀರು ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಗ್ರಂಥಿಯ ಮೇಲಿನ ಒತ್ತಡ ನಿಲ್ಲುವವರೆಗೂ ಇಬ್ಬರೂ ಹೊಸ್ತಿಲಲ್ಲೇ ಕೂತಿದ್ದೆವು. ಆಮೇಲೆ ನಾನು ಒಳಗಿನಿಂದ ಚೊಂಬಿನಲ್ಲಿ ನೀರು ತಂದುಕೊಟ್ಟೆ. ಮುಖ ತೊಳೆದುಕೊಂಡು ಒಳಗೆ ಹೋಗಿದ್ದಾರೆ. ಮೊಬೈಲಿನಲ್ಲಿ ಅಮ್ಮನಿಗೆ ಏನೋ ಹೇಳುತ್ತಿದ್ದಾರೆ. ಮೂರು ಪದಗಳಿಗಿಂತ ಜಾಸ್ತಿಯೇ ಇದೆ.

ಇದನ್ನು ಓದುವವರಲ್ಲಿ ಡಾಕ್ಟರುಗಳಿರಬಹುದು, ಜೀವಶಾಸ್ತ್ರ ಬಲ್ಲವರಿರಬಹುದು. ಓದುತ್ತಾ ನಿಮಗೂ ಒಂದೆರಡು ಸಲ ಬಾಯಿ ತೆರೆದಿದ್ದರೆ ನಾನೇನೂ ತಪ್ಪು ತಿಳಿಯುವುದಿಲ್ಲ. ಆದರೆ ಒಂದು ವಿಷಯ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಒಬ್ಬ ಹೆಂಗಸು ಊಟದ ಹೊತ್ತಿನಲ್ಲಿ ಒಂದೇ ಸಮ ಆಕಳಿಸಿದರೆ, ಅದು ಎದೆ ಕೊಟ್ಟ ಎಚ್ಚರಿಕೆಯೋ, ಗಂಡನ ತಿಮಿಂಗಿಲ ತರಿಸಿದ ಬೇಸರವೋ ಎಂದು ಆಮೇಲೆ ತಿಳಿಯುವ ದಾರಿ ಏನಾದರೂ ಇದೆಯೇ? ಬೇಸರವೇ ಆಗಿದ್ದಿರಬಹುದು ಎಂದು ನಿಮಗೆ ಅನ್ನಿಸಿದರೆ ಸ್ವಲ್ಪ ಬೇಗ ಬರೆಯಿರಿ. ತಮ್ಮ ಪಾಠ ಬೇಸರ ತರಿಸುತ್ತಿತ್ತು ಎಂದು ಯಾರಾದರೂ ಹೇಳಲಿ ಎಂದು ನಮ್ಮ ದೊಡ್ಡಪ್ಪ ಜೀವನದಲ್ಲಿ ಮೊದಲ ಸಲ ಕಾಯುತ್ತಿದ್ದಾರೆ.